ಕೊನೆಯಿಂದ ಎರಡನೆಯದು: ಪೋಲಿಷ್ ಭಾಷೆಯ ಉದ್ದದ ಪದಗಳು



ನಮ್ಮದಲ್ಲದ ಒಂದು ಭಾಷೆಯ ಒಳಗನ್ನು ಕನ್ನಡದಲ್ಲೇ ಬಿಡಿಸಿ ಹೇಳಬೇಕೆಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಪೋಲಿಷ್ ಭಾಷೆಯನ್ನು, ಅದರಲ್ಲೂ ಅದರ ಉದ್ದದ ಪದಗಳನ್ನು. ಅವು ಎಷ್ಟು ತುಣುಕುಗಳಾಗಿ ಒಡೆಯುತ್ತವೆ, ದನಿಯ ಒತ್ತು ಎಲ್ಲಿ ಬೀಳುತ್ತದೆ, ಒಂದು ಸಣ್ಣ ಧಾತು ಹೇಗೆ ಬೆಳೆದು ಸಾಲು ತುಂಬುತ್ತದೆ ಎಂಬುದೇ ಇವತ್ತಿನ ಮಾತು.

ಪೋಲೆಂಡಿನಲ್ಲಿ ಚಿಕ್ಕವರಿಂದ ಮುದುಕರವರೆಗೆ ಎಲ್ಲರೂ ಬಲ್ಲ ಒಂದು ಚಲನಚಿತ್ರವಿದೆ. 1970ರದು, ತಾದೆಉಷ್ ಹ್ಮ್ಯೆಲೆಫ್‌ಸ್ಕಿ ಅವರ ನಿರ್ದೇಶನ. ಎರಡನೆಯ ಮಹಾಯುದ್ಧವನ್ನು ನಾನೇ ಹೊತ್ತಿಸಿದೆ ಎಂದು ನಂಬಿಕೊಂಡ ಒಬ್ಬ ಸಾಮಾನ್ಯ ಸಿಪಾಯಿಯ ಕಥೆ. ಅವನು ಸಿಕ್ಕಿಬಿದ್ದಾಗ ಜರ್ಮನ್ ಅಧಿಕಾರಿ ಹೆಸರು ಕೇಳುತ್ತಾನೆ. ಸಿಪಾಯಿ ತನ್ನ ನಿಜವಾದ ಹೆಸರನ್ನು ಬಚ್ಚಿಟ್ಟು ‘ಗ್ಝೆಗೊಷ್ ಬ್ಝೆಂಚಿಷ್ಚಿಕ್ಯೆವಿಚ್’ ಎನ್ನುತ್ತಾನೆ. ಅಧಿಕಾರಿಗೆ ಅದನ್ನು ನುಡಿಯಲೂ ಬಾರದು, ಬರೆಯಲೂ ಬಾರದು. ಹುಟ್ಟಿದ ಊರು ಯಾವುದೆಂದರೆ ಇನ್ನೂ ಉದ್ದದ್ದು ಬರುತ್ತದೆ: ‘ಹ್ಷೊಂಷ್ಚಿಝೆವೊಷಿತ್ಸೆ’. ನೋಡುವವರು ನಗುತ್ತಾರೆ. ಆ ನಗುವಿನ ಅಡಿಯಲ್ಲಿ ಪೋಲರಿಗೆ ತುಂಬ ಹತ್ತಿರದ ಒಂದು ಭಾವವೂ ಇದೆ. ನೆಲವನ್ನು ಆಕ್ರಮಿಸಿಕೊಂಡವನಿಗೆ ಅಲ್ಲಿಯ ಒಂದು ಹೆಸರು ವಶವಾಗಲಿಲ್ಲ.

ಆ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 19 ಅಕ್ಷರ. ಪೋಲಿಷ್ ಮಗುವಿನ ಕಿವಿಗೆ ಅದು ಐದೇ ತುಣುಕು: ಬ್ಝೆನ್-ಚಿ-ಷ್ಚಿ-ಕ್ಯೆ-ವಿಚ್. ಒತ್ತು ಬೀಳುವುದು ನಾಲ್ಕನೆಯ ತುಣುಕಾದ ‘ಕ್ಯೆ’ ಮೇಲೆ, ಅಂದರೆ ಕೊನೆಯಿಂದ ಎರಡನೆಯದರ ಮೇಲೆ. ಊರಿನ ಹೆಸರಿನಲ್ಲಿ ಆರು ತುಣುಕು: ಹ್ಷೊಂ-ಷ್ಚಿ-ಝೆ-ವೊ-ಷಿ-ತ್ಸೆ. ಒತ್ತು ಐದನೆಯ ‘ಷಿ’ ಮೇಲೆ. ಅದೂ ಕೊನೆಯಿಂದ ಎರಡನೆಯದು. ಹೆಸರೂ ಊರೂ ಎರಡೂ ಕಲ್ಪಿತ, ಆದರೂ ಪೋಲಿಷ್ ಬಲ್ಲ ಯಾರೂ ಒತ್ತನ್ನು ಎಲ್ಲಿಡಲಿ ಎಂದು ಕ್ಷಣವೂ ತಡವರಿಸುವುದಿಲ್ಲ.

ಈ ತುಣುಕುಗಳಿಗೆ ಕನ್ನಡದ ಭಾಷಾವಿಜ್ಞಾನಿಗಳು ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ಇಲ್ಲಿ ಎಲ್ಲರಿಗೂ ಪರಿಚಿತವಾದ ‘ಸಿಲಬಲ್’ ಎಂಬುದನ್ನೇ ಬಳಸುತ್ತೇನೆ. ಒಂದು ಸ್ವರ, ಅದರ ಹಿಂದೆ ಮುಂದೆ ಅಂಟಿಕೊಂಡ ವ್ಯಂಜನಗಳು, ಇಷ್ಟು ಸೇರಿದರೆ ಒಂದು ಸಿಲಬಲ್. ಪೋಲಿಷ್ ಪದದ ಸಿಲಬಲ್‌ಗಳನ್ನು ಎಣಿಸಬೇಕಾದರೆ ವ್ಯಂಜನಗಳ ಗುಂಪು ನೋಡಿ ಹೆದರಬೇಕಾಗಿಲ್ಲ, ಸ್ವರಗಳನ್ನು ಎಣಿಸಿದರೆ ಸಾಕು. ಜೀರುಂಡೆಗೆ ಅವರ ಭಾಷೆಯಲ್ಲಿ ‘ಹ್ಷೊಂಷ್ಚ್’ ಎನ್ನುತ್ತಾರೆ. ಬರೆಯುವಾಗ ಒಂಬತ್ತು ಅಕ್ಷರ, ನುಡಿಯುವಾಗ ಒಂದೇ ಸಿಲಬಲ್, ಯಾಕೆಂದರೆ ಅದರಲ್ಲಿರುವುದು ಒಂದೇ ಸ್ವರ. ಯಾನ್ ಬ್ಝೆಹ್ವಾ ಎಂಬ ಮಕ್ಕಳ ಕವಿ ಈ ಜೀರುಂಡೆಯನ್ನು ಷ್ಚೆಬ್ಝೆಷಿನ್ ಎಂಬ ನಿಜವಾದ ಊರಿನಲ್ಲಿ ಕೂರಿಸಿ ಒಂದು ಪದ್ಯ ಬರೆದರು. ಇಡೀ ದೇಶದ ಮಕ್ಕಳು ಅದರಿಂದಲೇ ನಾಲಗೆ ಪಳಗಿಸಿಕೊಳ್ಳುತ್ತಾರೆ. ಆ ಊರಿನವರು ಜೀರುಂಡೆಗೆ ಒಂದು ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

ಸುಖ, ಅದೃಷ್ಟ ಎಂಬ ಅರ್ಥದ ‘ಷ್ಚೆಂಶ್ಚೆ’ ಎಂಬ ಪದವನ್ನು ನೋಡಿ. ರೋಮನ್ ಲಿಪಿಯಲ್ಲಿ ಇದಕ್ಕೂ ಒಂಬತ್ತು ಅಕ್ಷರ ಬೇಕು. ಷಕಾರಕ್ಕೆ ಎರಡು, ಚಕಾರಕ್ಕೆ ಎರಡು, ಮೆತ್ತನೆಯ ಚಕಾರಕ್ಕೆ ಮತ್ತೆ ಎರಡು ಅಕ್ಷರ ಜೋಡಿಸಿ ಬರೆಯುವುದು ಅಲ್ಲಿಯ ಕ್ರಮ. ಲ್ಯಾಟಿನ್ನಿನಿಂದ ಸಾಲ ತಂದ ಲಿಪಿಯಲ್ಲಿ ಸ್ಲಾವಿಕ್ ಉಲಿಗಳಿಗೆ ಎಡೆ ಇರಲಿಲ್ಲ. ಕನ್ನಡದಲ್ಲಿ ಬರೆದಾಗ ಅದೇ ಪದ ಎರಡೇ ಅಕ್ಷರಗಳಲ್ಲಿ ಅಡಕವಾಗುತ್ತದೆ: ಷ್ಚೆಂ, ಶ್ಚೆ. ಸಿಲಬಲ್‌ಗಳೂ ಎರಡೇ. ಪೋಲಿಷ್ ಪದದ ಉದ್ದದಲ್ಲಿ ಲಿಪಿಯ ಉದ್ದ ಎಷ್ಟು, ಮಾತಿನ ಉದ್ದ ಎಷ್ಟು ಎಂಬುದನ್ನು ನಮ್ಮ ಲಿಪಿ ಥಟ್ಟನೆ ತೋರಿಸಿಕೊಡುತ್ತದೆ.

ಇನ್ನೊಂದು ವಿಷಯದಲ್ಲೂ ನಮ್ಮ ಲಿಪಿ ನೆರವಿಗೆ ಬರುತ್ತದೆ. ಶಕಾರ ಷಕಾರಗಳ ವ್ಯತ್ಯಾಸ ನಮ್ಮ ದಿನದ ಮಾತಿನಲ್ಲಿ ಬಹಳ ಮಟ್ಟಿಗೆ ಅಳಿಸಿಹೋಗಿದೆ, ಬರಹದಲ್ಲಿ ಉಳಿದಿದೆ. ಪೋಲಿಷ್‌ನಲ್ಲಿ ಅದು ಇಂದಿಗೂ ಮಾತಿನಲ್ಲೇ ಜೀವಂತ. ‘ಕಾಷಾ’ ಎಂದರೆ ಕುಚ್ಚಿದ ಧಾನ್ಯದ ನುಚ್ಚು, ‘ಕಾಶಾ’ ಎಂದರೆ ಹುಡುಗಿಯ ಹೆಸರು. ನಾಲಗೆಯ ತುದಿ ಹಿಂದಕ್ಕೆ ಹೋದರೆ ಊಟ, ನಾಲಗೆಯ ನಡು ಅಂಗುಳಕ್ಕೆ ಏರಿದರೆ ಹುಡುಗಿ. ತ, ದ ಗಳೂ ನಮ್ಮ ಹಾಗೆ ಹಲ್ಲಿಗೆ ತಾಗುವಂಥವೇ. ಕನ್ನಡ ಲಿಪಿಗೆ ದಕ್ಕದ ಒಂದು ಸ್ವರವೂ ಇದೆ. ಇಕಾರಕ್ಕಿಂತ ಹಿಂದೆ, ಬಾಯಿಯ ನಡುವಿನಲ್ಲಿ ಹುಟ್ಟುವ ಸ್ವರ ಅದು. ಇಲ್ಲಿ ಎರಡಕ್ಕೂ ಇಕಾರವನ್ನೇ ಬರೆದಿದ್ದೇನೆ. ಆಡುವಾಗ ಅವನ್ನು ಬೆರೆಸಿದರೆ ‘ಅವರು ಇದ್ದರು’ ಎಂಬುದು ‘ಅವರು ಹೊಡೆದರು’ ಎಂದಾದೀತು.

ಸ್ವರಗಳನ್ನು ಎಣಿಸಿ ಎಂದೆನಲ್ಲ, ಅಲ್ಲೂ ಒಂದು ಎಚ್ಚರ ಬೇಕು. ವ್ಯಂಜನಕ್ಕೂ ಇನ್ನೊಂದು ಸ್ವರಕ್ಕೂ ನಡುವೆ ಬರುವ ಇಕಾರ ಸ್ವರವಲ್ಲ, ಮುಂಚಿನ ವ್ಯಂಜನವನ್ನು ಮೆದುಗೊಳಿಸುವ ಗುರುತು ಮಾತ್ರ. ‘ಕಾಶಾ’ ಎಂದು ಬರೆಯುವಾಗ ಅವರು ಸಕಾರದ ಮುಂದೆ ಇಕಾರವಿಡುತ್ತಾರೆ. ಸಿಲಬಲ್ ಎರಡೇ, ಮೂರಲ್ಲ. ಇದಕ್ಕೆ ಎದುರಾಗಿ, ಒಂದರ ಪಕ್ಕ ಒಂದು ಸ್ವರ ಕುಳಿತಾಗ ಪದ ಎಲ್ಲಿಂದ ಬಂತು ಎಂಬುದನ್ನು ನೋಡಬೇಕಾಗುತ್ತದೆ. ಕಾರಿಗೆ ಬಳಸುವ ‘ಆವ್-ತೊ’ ಎಂಬುದರಲ್ಲಿ ಎರಡು ಸಿಲಬಲ್. ಕಲಿಕೆ, ವಿಜ್ಞಾನ ಎಂಬ ಅರ್ಥದ ‘ನಾ-ಉ-ಕಾ’ ಎಂಬುದರಲ್ಲಿ ಮೂರು. ಬರಹದಲ್ಲಿ ಎರಡೂ ಕಡೆ ಅದೇ ಸ್ವರಜೋಡಿ. ಆದರೆ ‘ನಾಉಕಾ’ದಲ್ಲಿ ‘ನಾ’ ಎಂಬುದು ಉಪಸರ್ಗ, ‘ಉಕ್’ ಎಂಬುದು ಕಲಿಸು ಎಂಬ ಧಾತು. ಅವುಗಳ ನಡುವಿನ ಗಡಿಯನ್ನು ಭಾಷೆ ಮರೆತಿಲ್ಲ, ಆದ್ದರಿಂದ ಸ್ವರಗಳು ಕರಗಿ ಒಂದಾಗಿಲ್ಲ. ಪದರಚನೆಗೂ ಉಚ್ಚಾರಣೆಗೂ ಇರುವ ನಂಟು ಇಷ್ಟು ಸಣ್ಣ ಪದದಲ್ಲೂ ಕಾಣುತ್ತದೆ.

ಈಗ ಒತ್ತಿನ ವಿಚಾರ. ಕನ್ನಡದಲ್ಲಿ ಪದದ ತೂಕ ಹ್ರಸ್ವ ದೀರ್ಘಗಳಲ್ಲಿದೆ, ಲಘು ಗುರುಗಳಲ್ಲಿದೆ. ಪೋಲಿಷ್‌ನಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಅಲ್ಲಿ ಪದಕ್ಕೆ ಆಕಾರ ಕೊಡುವುದು ಒತ್ತು. ನಿಯಮ ಒಂದೇ: ಪದ ಎಷ್ಟೇ ಉದ್ದವಿರಲಿ, ಕೊನೆಯಿಂದ ಎರಡನೆಯ ಸಿಲಬಲ್ ಮೇಲೆ. ವಿದ್ಯಾರ್ಥಿ ಎಂಬ ಅರ್ಥದ ‘ಸ್ತು-ದೆಂತ್’ ಪದದಲ್ಲಿ ಒತ್ತು ‘ಸ್ತು’ ಮೇಲೆ. ‘ವಿದ್ಯಾರ್ಥಿಯ’ ಎನ್ನಬೇಕಾದರೆ ‘ಸ್ತು-ದೆನ್-ತಾ’, ಒತ್ತು ‘ದೆನ್’ಗೆ ಜಾರಿತು. ‘ವಿದ್ಯಾರ್ಥಿಗೆ’ ಎಂದರೆ ‘ಸ್ತು-ದೆನ್-ತೊ-ವಿ’, ಒತ್ತು ‘ತೊ’ ಮೇಲೆ. ವಿಭಕ್ತಿ ಪ್ರತ್ಯಯ ಬೆಳೆದಂತೆ ಒತ್ತು ಬಲಕ್ಕೆ ಸರಿಯುತ್ತಾ ಹೋಗುತ್ತದೆ. ಧಾತು ತನ್ನ ಜಾಗದಲ್ಲೇ ಇರುತ್ತದೆ, ದನಿ ಮಾತ್ರ ಕೊನೆಯ ಜೊತೆ ನಡೆಯುತ್ತದೆ.

ನಮ್ಮ ನಾಡಿನ ಹೆಸರಿಗೂ ಅವರು ಇದನ್ನೇ ಮಾಡುತ್ತಾರೆ. ‘ಕಾರ್-ನಾ-ತಾ-ಕಾ’ ಎಂದು ಮೂರನೆಯದರ ಮೇಲೆ ಒತ್ತಿ ಹೇಳುತ್ತಾರೆ. ಆಕಾರದಲ್ಲಿ ಕೊನೆಗೊಂಡದ್ದರಿಂದ ಅದು ಅಲ್ಲಿ ಸ್ತ್ರೀಲಿಂಗ. ‘ಕರ್ನಾಟಕದಲ್ಲಿ’ ಎನ್ನಲು ‘ಫ್ ಕಾರ್ನಾತಾತ್ಸೆ’ ಎನ್ನಬೇಕು. ಕಕಾರ ತ್ಸಕಾರವಾಯಿತು. ಮುಂದಿರುವ ‘ಫ್’ ಬರಹದಲ್ಲಿ ಬೇರೆ ಪದ, ‘ಒಳಗೆ’ ಎಂಬ ಅರ್ಥದ್ದು. ಅದರಲ್ಲಿ ಸ್ವರವೇ ಇಲ್ಲದ್ದರಿಂದ ಸಿಲಬಲ್ ಆಗಲಾರದು, ಮುಂದಿನ ಪದಕ್ಕೆ ಆತುಕೊಂಡು ನುಡಿಯುತ್ತದೆ. ಇದೇ ಥರ ‘ನ್ಯೆ ವ್ಯೆಮ್’, ಅಂದರೆ ‘ಗೊತ್ತಿಲ್ಲ’, ಕಾಗದದ ಮೇಲೆ ಎರಡು ಪದ. ಕಿವಿಗೆ ಒಂದೇ ಪದ, ಒತ್ತು ‘ನ್ಯೆ’ ಮೇಲೆ. ನಡುವೆ ಜಾಗ ಬಿಟ್ಟು ಬರೆದ ಮಾತ್ರಕ್ಕೆ ಕಿವಿ ಪದವನ್ನು ತುಂಡರಿಸುವುದಿಲ್ಲ.

ಕೊನೆಯಿಂದ ಎರಡನೆಯದು ಎಂಬ ಈ ಕ್ರಮ ಆ ಭಾಷೆಗೆ ಆದಿಯಿಂದ ಬಂದದ್ದಲ್ಲ. ನೆರೆಯ ಚೆಕ್, ಸ್ಲೊವಾಕ್ ಭಾಷೆಗಳಲ್ಲಿ ಒತ್ತು ಮೊದಲ ಸಿಲಬಲ್ ಮೇಲಿದೆ. ಅತ್ತ ರಷ್ಯನ್ನಿನಲ್ಲಿ ಎಲ್ಲಿ ಬೇಕಾದರೂ ಬೀಳಬಹುದು, ಪದಪದಕ್ಕೂ ಬೇರೆ ಕಲಿಯಬೇಕು. ಹಳೆಯ ಪೋಲಿಷ್ ಕೂಡ ಒಂದು ಕಾಲಕ್ಕೆ ಮೊದಲ ಸಿಲಬಲ್ಲನ್ನೇ ಒತ್ತುತ್ತಿತ್ತು, ಮುಂದಿನ ಶತಮಾನಗಳಲ್ಲಿ ಒತ್ತು ಕೊನೆಯತ್ತ ಸರಿದು ನೆಲೆನಿಂತಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ತಾತ್ರಾ ಬೆಟ್ಟಗಳ ಬುಡದ ಪೊದ್ಹಾಲೆ ಸೀಮೆಯ ಜನರ ಮಾತಿನಲ್ಲಿ ಮೊದಲೊತ್ತು ಇನ್ನೂ ಕೇಳಿಸುತ್ತದೆ. ಸಾಮಾನ್ಯ ಪೋಲಿಷ್‌ನಲ್ಲೂ ಉದ್ದದ ಪದದ ಮೊದಲ ಸಿಲಬಲ್ ಮೇಲೆ ಒಂದು ಹಗುರವಾದ ಎರಡನೆಯ ಒತ್ತು ಸುಳಿಯುತ್ತದೆ. ಸಭೆಯಲ್ಲಿ ಆವೇಶದಿಂದ ಮಾತಾಡುವವರು ಅದನ್ನು ಇನ್ನಷ್ಟು ಬಲವಾಗಿ ಹಿಡಿಯುತ್ತಾರೆ.

ಇಂಥ ಸ್ಥಿರವಾದ ಒತ್ತಿನಿಂದ ಏನು ಉಪಯೋಗ? ನಿಕೊಲಾಯ್ ತ್ರುಬೆತ್ಸ್‌ಕೊಯ್ ಅವರ ಧ್ವನಿಮಾಶಾಸ್ತ್ರದ ಗ್ರಂಥ ಅವರು ತೀರಿಕೊಂಡ ಮೇಲೆ 1939ರಲ್ಲಿ ಹೊರಬಂತು. ಅದರಲ್ಲಿ ಇಂಥ ಒತ್ತಿಗೆ ಎಲ್ಲೆ ತೋರಿಸುವ ಕೆಲಸವಿದೆ ಎಂದು ಅವರು ವಿವರಿಸಿದ್ದಾರೆ. ರಷ್ಯನ್ನಿನ ಹಾಗೆ ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಹೊಣೆ ಪೋಲಿಷ್ ಒತ್ತಿಗಿಲ್ಲ. ಅದರ ಹೊಣೆ ಬೇರೆ. ಒತ್ತು ಕೇಳಿಸಿದ ಕೂಡಲೇ ಕೇಳುಗನಿಗೆ ಇನ್ನೊಂದು ಸಿಲಬಲ್, ಆಮೇಲೆ ಪದ ಮುಗಿಯಿತು ಎಂದು ತಿಳಿಯುತ್ತದೆ. ಹತ್ತು ಹನ್ನೆರಡು ಸಿಲಬಲ್ ಸಾಗುವ ಪದದಲ್ಲಿ ಈ ಮುನ್ಸೂಚನೆ ಬಹಳ ದೊಡ್ಡದು.

ಪೋಲಿಷ್ ಕಾವ್ಯದ ಲಯವೂ ಇದರ ಮೇಲೆಯೇ ನಿಂತಿದೆ. ಆದಾಮ್ ಮಿತ್ಸ್‌ಕ್ಯೆವಿಚ್ 1834ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ‘ಪಾನ್ ತಾದೆಉಷ್’ ಮಹಾಕಾವ್ಯ ಪೂರ್ತಿ ಹದಿಮೂರು ಸಿಲಬಲ್‌ಗಳ ಸಾಲಿನಲ್ಲಿದೆ. ಏಳರ ನಂತರ ಯತಿ, ಆಮೇಲೆ ಆರು. ಯತಿಯ ಮುಂಚಿನ ಪದದಲ್ಲೂ ಸಾಲಿನ ಕೊನೆಯ ಪದದಲ್ಲೂ ಕೊನೆಯಿಂದ ಎರಡನೆಯದೇ ಒತ್ತು ಹೊರುವುದರಿಂದ ಆರನೆಯ ಮತ್ತು ಹನ್ನೆರಡನೆಯ ಸಿಲಬಲ್‌ಗಳು ಸಾಲಿಗೆ ಗೂಟ ಬಡಿದಂತೆ ನಿಲ್ಲುತ್ತವೆ. ಪ್ರಾಸವೂ ಒಂದೂವರೆ ಸಿಲಬಲ್ಲಿನಷ್ಟು ಹರಡಿಕೊಂಡು, ಒತ್ತಿನಲ್ಲಿ ಏರಿ ಕೊನೆಯಲ್ಲಿ ಇಳಿಯುತ್ತದೆ. ಈ ಛಂದಸ್ಸಿನ ಪೋಲಿಷ್ ಹೆಸರೇ ನಮ್ಮ ಇವತ್ತಿನ ವಿಷಯಕ್ಕೆ ಒಳ್ಳೆಯ ಮಾದರಿ: ‘ತ್ಷಿನಾಸ್ತೊಜ಼್ಗ್ವೊಸ್ಕೊವ್ಯೆತ್ಸ್’. ಬಿಡಿಸಿದರೆ ತ್ಷಿ-ನಾ-ಸ್ತೊ-ಜ಼್ಗ್ವೊ-ಸ್ಕೊ-ವ್ಯೆತ್ಸ್, ಆರು ಸಿಲಬಲ್, ಒತ್ತು ‘ಸ್ಕೊ’ ಮೇಲೆ. ಮೊದಲ ಮೂರು ಹದಿಮೂರು ಎಂಬ ಸಂಖ್ಯೆಯ ಸಮಾಸರೂಪ, ನಡುವೆ ಸಿಲಬಲ್ ಎಂಬ ಅರ್ಥದ ‘ಜ಼್ಗ್ವೊಸ್ಕಾ’, ಕೊನೆಗೆ ‘ಅಂಥದ್ದು’ ಎಂಬರ್ಥ ಕೊಡುವ ‘ಓವ್ಯೆತ್ಸ್’ ಪ್ರತ್ಯಯ. ‘ಜ಼್ಗ್ವೊಸ್ಕಾ’ದ ಒಳಗೆ ದನಿ ಎಂಬ ಅರ್ಥದ ‘ಗ್ವೊಸ್’ ಇದೆ. ಷಟ್ಪದಿ ಎಂದರೆ ಆರು ಪಾದದ್ದು ಎಂದು ಬಲ್ಲ ನಮಗೆ ಈ ಕಟ್ಟಡದಲ್ಲಿ ಅಪರಿಚಿತವಾದದ್ದು ಏನೂ ಇಲ್ಲ.

ನಿಯಮ ಒಂದೇ ಎಂದೆ. ಅದನ್ನು ಮೀರುವ ಪದಗಳಿವೆ, ನನಗೆ ಎಲ್ಲಕ್ಕಿಂತ ಪ್ರಿಯವಾದವೂ ಅವೇ. ಗ್ರೀಕ್ ಲ್ಯಾಟಿನ್ ಮೂಲದಿಂದ ಬಂದ, ‘ಇಕಾ’ ಎಂದು ಕೊನೆಗೊಳ್ಳುವ ಶಾಸ್ತ್ರಪದಗಳು ಕೊನೆಯಿಂದ ಮೂರನೆಯದನ್ನು ಒತ್ತುತ್ತವೆ. ಸಂಗೀತ ಎಂಬ ‘ಮು-ಜ಼ಿ-ಕಾ’ದಲ್ಲಿ ‘ಮು’, ಗಣಿತ ಎಂಬ ‘ಮಾ-ತೆ-ಮಾ-ತಿ-ಕಾ’ದಲ್ಲಿ ನಡುವಿನ ‘ಮಾ’, ವ್ಯಾಕರಣ ಎಂಬ ‘ಗ್ರಾ-ಮಾ-ತಿ-ಕಾ’ದಲ್ಲಿ ‘ಮಾ’. ಹೊರಗಿನಿಂದ ಬಂದಾಗ ಜೊತೆಗೆ ತಂದ ಒತ್ತನ್ನು ಇವು ಬಿಟ್ಟುಕೊಟ್ಟಿಲ್ಲ. ವಿಶ್ವವಿದ್ಯಾಲಯ ಎಂಬ ‘ಉ-ನಿ-ವೆರ್-ಸಿ-ತೆತ್’ನಲ್ಲಿ ಒತ್ತು ‘ವೆರ್’ ಮೇಲೆ. ಆದರೆ ‘ವಿಶ್ವವಿದ್ಯಾಲಯದ’ ಎಂದ ಕೂಡಲೇ ಅದು ‘ಉ-ನಿ-ವೆರ್-ಸಿ-ತೆ-ತು’ ಆಗಿ, ಒತ್ತು ‘ತೆ’ ಮೇಲೆ ಸಾಮಾನ್ಯ ನಿಯಮಕ್ಕೆ ಮರಳುತ್ತದೆ. ಪ್ರತ್ಯಯ ಸೇರಿದೊಡನೆ ಅತಿಥಿ ಮನೆಯವನಾದ. ಆ ದೇಶದ ಅಧಿಕೃತ ಹೆಸರಿನಲ್ಲಿರುವ, ಗಣರಾಜ್ಯ ಎಂಬ ಅರ್ಥದ ‘ಝೆಚ್-ಪೊ-ಸ್ಪೊ-ಲಿ-ತಾ’ ಕೂಡ ಹೀಗೆಯೇ. ನಿಘಂಟುಗಳು ಒತ್ತನ್ನು ‘ಸ್ಪೊ’ ಮೇಲಿಡಲು ಹೇಳುತ್ತವೆ.

ಇನ್ನೊಂದು ಬಗೆಯ ಹೊರತು ಕ್ರಿಯಾಪದಗಳಲ್ಲಿದೆ. ಅವರು ಮಾಡಿದರು ಎಂಬುದಕ್ಕೆ ‘ಜ಼್ರೊ-ಬಿ-ಲಿ’, ಒತ್ತು ‘ಬಿ’ ಮೇಲೆ. ನಾವು ಮಾಡಿದೆವು ಎಂಬುದಕ್ಕೆ ‘ಜ಼್ರೊ-ಬಿ-ಲಿ-ಶ್ಮಿ’. ನಿಯಮದಂತೆ ಒತ್ತು ‘ಲಿ’ಗೆ ಸರಿಯಬೇಕಿತ್ತು. ಶಿಷ್ಟ ಉಚ್ಚಾರಣೆಯಲ್ಲಿ ಸರಿಯುವುದಿಲ್ಲ, ‘ಬಿ’ ಮೇಲೆಯೇ ನಿಲ್ಲುತ್ತದೆ. ನಾವು ಮಾಡುತ್ತಿದ್ದೆವು ಎಂಬಂಥ ಸಂಭಾವನಾರ್ಥದ ‘ಜ಼್ರೊ-ಬಿ-ಲಿ-ಬಿ-ಶ್ಮಿ’ಯಲ್ಲಂತೂ ಒತ್ತು ಕೊನೆಯಿಂದ ನಾಲ್ಕನೆಯದರ ಮೇಲಿದೆ.

ಕಾರಣ ಚರಿತ್ರೆಯಲ್ಲಿದೆ. ಈ ‘ಶ್ಮಿ’ ಒಂದು ಕಾಲಕ್ಕೆ ಬೇರೆ ಪದವಾಗಿತ್ತು, ‘ಇದ್ದೇವೆ’ ಎಂಬ ಅರ್ಥದ ಕ್ರಿಯಾಪದ. ಮಾಡಿದವರು ಇದ್ದೇವೆ ಎಂಬ ಎರಡು ಪದ ಸವೆದು ಒಂದಾಯಿತು. ಕನ್ನಡದ ‘ಮಾಡಿದ್ದೇವೆ’ಯಲ್ಲೂ ‘ಮಾಡಿ’ಯ ಜೊತೆ ‘ಇದ್ದೇವೆ’ ಬೆಸೆದುಕೊಂಡದ್ದು ಇದೇ ಹಾದಿಯಲ್ಲಿ. ನಮ್ಮಲ್ಲಿ ಬೆಸುಗೆ ಗಟ್ಟಿಯಾಗಿಬಿಟ್ಟಿದೆ. ಅವರಲ್ಲಿ ಇನ್ನೂ ಸಡಿಲ. ‘ನಾವು ಎಲ್ಲಿದ್ದೆವು’ ಎಂಬುದನ್ನು ‘ಗ್ಜೆ ಬಿಲಿಶ್ಮಿ’ ಎಂದೂ ಹೇಳಬಹುದು, ‘ಗ್ಜೆಶ್ಮಿ ಬಿಲಿ’ ಎಂದೂ ಹೇಳಬಹುದು. ಎರಡನೆಯದರಲ್ಲಿ ‘ಶ್ಮಿ’ ಕ್ರಿಯಾಪದವನ್ನು ಬಿಟ್ಟು ಮುಂದೆ ಹೋಗಿ ‘ಎಲ್ಲಿ’ ಎಂಬ ಪದದ ಬಾಲಕ್ಕೆ ಅಂಟಿಕೊಂಡಿದೆ. ಲಿಪಿಯಲ್ಲಿ ಅದನ್ನು ಕೂಡಿಸಿ ಬರೆದರೂ ಒತ್ತು ಮಾತ್ರ ಅದನ್ನು ಪದದ ಅಂಗವೆಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಳೆಯ ಶಾಸನದಲ್ಲಿ ಸಿಗಬೇಕಾದ ಸಾಕ್ಷ್ಯ ಇಲ್ಲಿ ಬೀದಿಯಲ್ಲಿ ಓಡಾಡುವವರ ಬಾಯಲ್ಲ‍ೇ ಸಿಗುತ್ತದೆ. ನಾನೂರು ಎಂಬ ‘ಚ್ತೆ-ರಿ-ಸ್ತಾ’ದಲ್ಲಿ ಒತ್ತು ಮೊದಲಿಗೆ ಬೀಳುವುದಕ್ಕೂ ಕಾರಣ ಇದೇ. ಕೊನೆಯ ನೂರು ಎಂಬ ಭಾಗ ಲೆಕ್ಕಕ್ಕಿಲ್ಲ.

ಇಂದಿನ ಮಾತಿನಲ್ಲಿ ಈ ಹೊರತುಗಳು ಕರಗುತ್ತಿವೆ. ಬಹಳ ಜನ ‘ಮಾತೆಮಾತಿಕಾ’ದಲ್ಲಿ ‘ತಿ’ಯನ್ನು, ‘ಜ಼್ರೊಬಿಲಿಶ್ಮಿ’ಯಲ್ಲಿ ‘ಲಿ’ಯನ್ನು ಒತ್ತುತ್ತಾರೆ. ಶಾಲೆಯೂ ರೇಡಿಯೋದ ವಾಚಕರೂ ಹಳೆಯದನ್ನು ಎತ್ತಿಹಿಡಿಯುತ್ತಾರೆ. ಹೊಸದು ಭಾಷೆಯ ಕೇಡು ಎಂದು ನಾನು ಒಪ್ಪುವುದಿಲ್ಲ. ‘ಶ್ಮಿ’ ಪೂರ್ತಿಯಾಗಿ ಪ್ರತ್ಯಯವಾಗುತ್ತಿದೆ, ಒತ್ತು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿದೆ, ಅಷ್ಟೆ. ಆದರೂ ಹಳೆಯ ಉಚ್ಚಾರಣೆಯನ್ನು ಕಲಿಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅದು ಹೋದರೆ ಎರಡು ಪದಗಳು ಒಂದಾದ ಗುರುತೂ ಅದರೊಡನೆ ಹೋಗುತ್ತದೆ.

ಇನ್ನು ಪದಗಳು ಉದ್ದವಾಗುವ ಬಗೆ. ಕೃತ್, ತದ್ಧಿತ, ಸಮಾಸ ಎಂದು ಕೇಶಿರಾಜನ ಕಾಲದಿಂದ ನಾವು ವಿಂಗಡಿಸುವ ಮೂರೂ ಅಲ್ಲಿ ಧಾರಾಳವಾಗಿವೆ. ಸಮಾಸದಲ್ಲಿ ಎರಡು ಪದಗಳ ನಡುವೆ ‘ಒ’ ಎಂಬ ಸ್ವರ ಆಗಮವಾಗುತ್ತದೆ. ಭಾಷಾವಿಜ್ಞಾನಕ್ಕೆ ‘ಯೆನ್-ಜ಼ಿ-ಕೊ-ಜ಼್ನಾಫ್-ಸ್ತ್ಫೊ’ ಎನ್ನುತ್ತಾರೆ. ‘ಯೆಂಜ಼ಿಕ್’ ಎಂದರೆ ನಾಲಗೆ, ಭಾಷೆ ಎರಡೂ. ನಡುವೆ ‘ಒ’. ಆಮೇಲೆ ಅರಿ ಎಂಬ ಅರ್ಥದ ‘ಜ಼್ನಾ’ ಧಾತು, ಕೊನೆಗೆ ಭಾವನಾಮದ ‘ಸ್ತ್ಫೊ’. ಈ ‘ಜ಼್ನಾ’ ಸಂಸ್ಕೃತದ ‘ಜ್ಞಾ’ ಧಾತುವಿನ ದಾಯಾದಿ. ಭಾಷಾವಿಜ್ಞಾನ ಎಂದು ನಾವು ಹೇಳುವಾಗಲೂ ಅವರು ಹೇಳುವಾಗಲೂ ನಾಲಗೆಯ ಮೇಲೆ ಬರುವುದು ಒಂದೇ ಪುರಾತನ ಧಾತು. ಅಂಚೆಯವನಿಗೆ ‘ಲಿ-ಸ್ತೊ-ನೊಷ್’ ಎನ್ನುತ್ತಾರೆ, ಕಾಗದ ಹೊರುವವನು. ನವೆಂಬರ್ ತಿಂಗಳಿಗೆ ‘ಲಿ-ಸ್ತೊ-ಪಾತ್’, ಎಲೆ ಬೀಳುವ ತಿಂಗಳು. ಎರಡರಲ್ಲೂ ಇರುವ ‘ಲಿಸ್ತ್’ ಹಳೆಯ ಪೋಲಿಷ್‌ನಲ್ಲಿ ಎಲೆಯೂ ಹೌದು, ಓಲೆಯೂ ಹೌದು.

ಆ ಎಲೆ ಬೀಳುವ ತಿಂಗಳ 11ರಂದು ಪೋಲೆಂಡ್ ತನ್ನ ಸ್ವಾತಂತ್ರ್ಯೋತ್ಸವ ಆಚರಿಸುತ್ತದೆ. 1795ರಲ್ಲಿ ಮೂರು ಸಾಮ್ರಾಜ್ಯಗಳು ಕೊನೆಯ ಪಾಲನ್ನೂ ಹಂಚಿಕೊಂಡ ಮೇಲೆ 1918ರವರೆಗೆ, 123 ವರ್ಷ, ಆ ದೇಶ ಭೂಪಟದಲ್ಲಿರಲಿಲ್ಲ. ಸಾಮುಎಲ್ ಲಿಂದೆ ಅವರ ಪೋಲಿಷ್ ನಿಘಂಟಿನ ಆರು ಸಂಪುಟಗಳು 1807ರಿಂದ 1814ರ ನಡುವೆ ವಾರ್ಸಾದಲ್ಲಿ ಅಚ್ಚಾದದ್ದು ಈ ಕಾಲದಲ್ಲೇ. ಸ್ವಾತಂತ್ರ್ಯಕ್ಕೆ ಪೋಲಿಷ್ ಪದ ‘ನ್ಯೆ-ಪೊದ್-ಲೆಗ್-ವೊಶ್ಚ್’. ‘ಪೊದ್’ ಎಂದರೆ ಕೆಳಗೆ, ‘ಲೆಗ್’ ಎಂದರೆ ಬಿದ್ದುಕೊಂಡಿರು, ಮುಂದೆ ‘ನ್ಯೆ’ ಎಂಬ ನಿಷೇಧ, ಕೊನೆಗೆ ನಮ್ಮ ‘ತನ’ದಂಥ ‘ವೊಶ್ಚ್’. ಇನ್ನೊಬ್ಬರ ಅಡಿಯಲ್ಲಿ ಬಿದ್ದಿರದಿರುವ ಸ್ಥಿತಿ. ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಎಂಬ ವಿಶೇಷಣ ಬೇಕಾದರೆ ‘ನ್ಯೆ-ಪೊದ್-ಲೆಗ್-ವೊ-ಶ್ಚೊ-ವಿ’. ನಾಲ್ಕು ಸಿಲಬಲ್ ಆರಾದವು. ‘ಲೆಗ್’ ಎಂಬ ಧಾತುವಿನ ಮೇಲಿದ್ದ ಒತ್ತು ‘ಶ್ಚೊ’ ಎಂಬ ಪ್ರತ್ಯಯದ ಮೇಲೆ ಹೋಯಿತು. ಅರ್ಥದ ಬೇರು ಎಡಕ್ಕೆ, ದನಿಯ ಭಾರ ಬಲಕ್ಕೆ. ಪೋಲಿಷ್ ಉದ್ದಪದದ ಸ್ವಭಾವವೇ ಈ ಎಳೆತ. ಧಾತು ಗೊತ್ತಾಗಬೇಕಾದರೆ ಮೊದಲಿಂದ ಕೇಳಬೇಕು, ಪದ ಎಲ್ಲಿ ಮುಗಿಯುತ್ತದೆಂದು ತಿಳಿಯಲು ಕೊನೆಗೆ ಕಿವಿಗೊಡಬೇಕು.

ಮುದ್ದಿನ ರೂಪಗಳಲ್ಲಿ ಧಾತುವೇ ಬಣ್ಣ ಬದಲಿಸುತ್ತದೆ. ಮೀನು ‘ರಿಬಾ’, ಪುಟ್ಟ ಮೀನು ‘ರಿಪ್ಕಾ’, ಇನ್ನೂ ಪುಟ್ಟದು ‘ರಿಬೆಚ್ಕಾ’. ಕೈ ‘ರೆಂಕಾ’, ಮಗುವಿನ ಕೈ ‘ರೊಂಚ್ಕಾ’. ಕಕಾರ ಚಕಾರವಾಯಿತು, ಎಕಾರ ಒಕಾರವಾಯಿತು. ದೊಡ್ಡ ಹೊತ್ತಗೆ ‘ಕ್ಶೆಂಗಾ’. ಅದರ ಅಲ್ಪಾರ್ಥವಾಗಿದ್ದ ‘ಕ್ಶೊಂಷ್ಕಾ’ ಇಂದು ಪುಸ್ತಕ ಎಂಬುದಕ್ಕೆ ಸಾಮಾನ್ಯ ಪದವೇ ಆಗಿಬಿಟ್ಟಿದೆ. ಆದ್ದರಿಂದ ಪುಟ್ಟ ಪುಸ್ತಕಕ್ಕೆ ಮತ್ತೊಂದು ಪ್ರತ್ಯಯ ಹಚ್ಚಿ ‘ಕ್ಶೊಂಝೆಚ್ಕಾ’ ಎನ್ನಬೇಕಾಯಿತು. ಇಂಥ ಮಾರ್ಪಾಡುಗಳನ್ನು ಕ್ರಮಬದ್ಧವಾಗಿ ವಿವರಿಸಿದವರಲ್ಲಿ ಮುಂಚೂಣಿಯವರು ಒಬ್ಬ ಪೋಲರು. ವಾರ್ಸಾ ಬಳಿಯ ರಾಜಿಮಿನ್‌ನಲ್ಲಿ 1845ರಲ್ಲಿ ಹುಟ್ಟಿದ ಯಾನ್ ಬೋದುಯೆನ್ ದ ಕುರ್ತನೆ, ಧ್ವನಿಗಳ ಪರ್ಯಾಯಗಳ ಬಗ್ಗೆ 1894ರಲ್ಲಿ ಒಂದು ಸಿದ್ಧಾಂತಗ್ರಂಥವನ್ನೇ ಬರೆದರು. ನಮ್ಮ ತರಗತಿಗಳಲ್ಲಿ ದಿನವೂ ಬಳಸುವ ‘ಮಾರ್ಫೀಮ್’ ಎಂಬ ಪಾರಿಭಾಷಿಕ ಪದ ಅವರದೇ ಸೃಷ್ಟಿ. ರೆಂಕಾ ರೊಂಚ್ಕಾಗಳನ್ನು ಆಡುತ್ತ ಬೆಳೆದವರಿಗೆ ಈ ಎರಡರ ಹಿಂದೆ ಇರುವುದು ಒಂದೇ ಘಟಕವೇ ಎಂಬ ಪ್ರಶ್ನೆ ತಾನಾಗಿ ಏಳುವಂಥದ್ದೇ.

ಅತಿ ಉದ್ದದ ಪದ ಯಾವುದು ಎಂದು ಪೋಲರನ್ನು ಕೇಳಿದರೆ ಬರುವ ಉತ್ತರ ‘ಕೊನ್‌ಸ್ತಾನ್ತಿನೊಪೊಲಿತಾನ್ಚಿಕೊವ್ಯಾನೆಚ್ಕಾ’. ಹನ್ನೆರಡು ಸಿಲಬಲ್, ಒತ್ತು ಹನ್ನೊಂದನೆಯ ‘ನೆಚ್’ ಮೇಲೆ. ಕಾನ್‌ಸ್ಟಾಂಟಿನೋಪಲ್ ಊರು, ಅಲ್ಲಿಯ ನಿವಾಸಿ, ಅದಕ್ಕೆ ಸ್ತ್ರೀವಾಚಕ, ಅದರ ಮೇಲೆ ಮುದ್ದು. ಇದರ ಸೋದರಿ ‘ಚಿಕ್ಯೆವಿಚುವ್‌ನಾ’ ಎಂದು ಕೊನೆಗೊಳ್ಳುವ ಇನ್ನೊಂದು ಪದ. ಅದರಲ್ಲಿ ಒಂದು ಸಾಮಾಜಿಕ ಪದ್ಧತಿಯೂ ಅಡಗಿದೆ. ನೊವಾಕ್ ಎಂಬ ಮನೆತನದ ಹೆಂಡತಿಗೆ ‘ನೊವಾಕೊವಾ’, ಮದುವೆಯಾಗದ ಮಗಳಿಗೆ ‘ನೊವಾಕುವ್‌ನಾ’ ಎಂದು ಕರೆಯುವ ವಾಡಿಕೆ ಹಿಂದಿತ್ತು, ಈಗ ಅಪರೂಪವಾಗುತ್ತಿದೆ. ಇನ್ನೂ ಉದ್ದ ಬೇಕೆನ್ನುವವರು ‘ಒಂಬೈನೂರ ತೊಂಬತ್ತೊಂಬತ್ತು ಜನಾಂಗಗಳ’ ಎಂಬ ಅರ್ಥದ ವಿಶೇಷಣವನ್ನು ಕಟ್ಟಿಕೊಡುತ್ತಾರೆ: ಜೆ-ವ್ಯೆಂಚ್-ಸೆತ್-ಜೆ-ವ್ಯೆಂಚ್-ಜೆ-ಶೆನ್-ಚೊ-ಜೆ-ವ್ಯೆನ್-ಚೊ-ನಾ-ರೊ-ದೊ-ವೊ-ಶ್ಚೊ-ವೆ-ಗೊ. ಹದಿನೆಂಟು ಸಿಲಬಲ್, ಒತ್ತು ಹದಿನೇಳನೆಯದರ ಮೇಲೆ. ಇವು ಉದ್ದಕ್ಕಾಗಿಯೇ ಕಟ್ಟಿದ ಪದಗಳು. ನನ್ನ ಮೆಚ್ಚುಗೆ ಜನ ಜೇಬಿನಲ್ಲಿಟ್ಟುಕೊಂಡು ತಿರುಗುವ ಪದಕ್ಕೆ: ಪ್ಯೆಂಚ್-ಜೆ-ಶೆನ್-ಚೊ-ಗ್ರೊ-ಷುಫ್-ಕಾ, ಐವತ್ತು ಗ್ರೋಷ್ ನಾಣ್ಯ. ಒಂದು ಜ಼್ವೊತಿಗೆ ನೂರು ಗ್ರೋಷ್, ಅದರ ಅರ್ಧ ಇದು. ‘ಪ್ಯೆಂಚ್’ ಎಂಬುದು ‘ಪಂಚ’ದ ದಾಯಾದಿ, ‘ಜೆಶೆನ್’ ಎಂಬುದು ‘ದಶ’ದ ದಾಯಾದಿ. ಅಂಗಡಿಯಲ್ಲಿ ಚಿಲ್ಲರೆ ಕೊಡುವವರು ಏಳು ಸಿಲಬಲ್‌ಗಳನ್ನು ಒಂದುಸಿರಿನಲ್ಲಿ ಹೇಳಿ, ‘ಷುಫ್’ ಒತ್ತಿ, ಮುಂದಿನ ಗಿರಾಕಿಯತ್ತ ತಿರುಗುತ್ತಾರೆ.

ಕೊನೆಯದಾಗಿ, ಈ ಎರಡು ಗುಣಗಳನ್ನು, ಅಂದರೆ ಕದಲದ ಒತ್ತು ಮತ್ತು ಪ್ರತ್ಯಯದ ಮೇಲೆ ಪ್ರತ್ಯಯ ಕಟ್ಟುವ ಶಕ್ತಿಯನ್ನು, ಇಡೀ ಜಗತ್ತಿಗೆ ಹಂಚಲು ಹೊರಟ ಒಬ್ಬರ ಮಾತು. ಬ್ಯಾವಿಸ್ತೊಕ್ ಪಟ್ಟಣದಲ್ಲಿ 1859ರಲ್ಲಿ ಹುಟ್ಟಿದ ಲುದ್ವಿಕ್ ಜ಼ಾಮೆನ್‌ಹೊಫ್ ಕಣ್ಣಿನ ವೈದ್ಯರು. ಯಿದ್ದಿಷ್, ರಷ್ಯನ್, ಪೋಲಿಷ್, ಜರ್ಮನ್ ಆಡುವವರು ಒಂದೇ ಪೇಟೆಯಲ್ಲಿ ಪರಸ್ಪರ ಪರಕೀಯರಾಗಿದ್ದುದನ್ನು ನೋಡಿ ಬೆಳೆದವರು. 1887ರಲ್ಲಿ ವಾರ್ಸಾದಲ್ಲಿ ಅವರು ಪ್ರಕಟಿಸಿದ ಪುಸ್ತಿಕೆಯಿಂದ ಎಸ್ಪೆರಾಂತೊ ಹುಟ್ಟಿತು. ಅದರ ಹದಿನಾರು ನಿಯಮಗಳಲ್ಲಿ ಒಂದು: ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಸಿಲಬಲ್ ಮೇಲೆ. ಆಸ್ಪತ್ರೆಗೆ ಆ ಭಾಷೆಯಲ್ಲಿ ‘ಮಾಲ್-ಸಾ-ನು-ಲೆ-ಯೊ’. ಆರೋಗ್ಯ ಎಂಬ ‘ಸಾನ್’ ನಡುವೆ, ವಿರುದ್ಧಾರ್ಥದ ‘ಮಾಲ್’ ಮುಂದೆ, ವ್ಯಕ್ತಿಯನ್ನು ಹೇಳುವ ‘ಉಲ್’, ಸ್ಥಳವನ್ನು ಹೇಳುವ ‘ಎಯ್’, ನಾಮಪದದ ‘ಒ’ ಹಿಂದೆ. ಹೊರತುಗಳೇ ಇಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಒತ್ತು ಅದು. ಅದರ ಸರಳತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ‘ಶ್ಮಿ’ಯಂಥ ಒಂದು ಪ್ರತ್ಯಯ ಒತ್ತಿನ ಎದುರು ನಿಂತು ನಾನು ಮೊದಲು ಬೇರೆ ಪದವಾಗಿದ್ದೆ ಎಂದು ಹೇಳುವ ಅವಕಾಶ ಅಲ್ಲಿಲ್ಲ. ಅದಕ್ಕೆ ನೂರಾರು ವರ್ಷ ಮನೆಮನೆಯಲ್ಲಿ ಆಡಿ ಸವೆದ ಭಾಷೆಯೇ ಬೇಕು. ವಾರ್ಸಾದಲ್ಲಿ ಇಂದು ಜ಼ಾಮೆನ್‌ಹೊಫ್ ಹೆಸರಿನ ಬೀದಿಯಿದೆ. ಅವರ ಹೆಸರಿನಲ್ಲಿ ಒತ್ತು ‘ಮೆನ್’ ಮೇಲೆ. ಬೀದಿಯ ಫಲಕದಲ್ಲಿ ಹೆಸರು ಷಷ್ಠೀವಿಭಕ್ತಿಯಲ್ಲಿ ಇರಬೇಕಾದ್ದರಿಂದ ಅದು ‘ಜ಼ಾ-ಮೆನ್-ಹೊ-ಫಾ’. ಓದುವವರು ‘ಹೊ’ ಎಂಬುದನ್ನು ಒತ್ತುತ್ತಾರೆ.